ಮಗಳು ಎಳೆದು ಬಿಚ್ಚಿದ ಹೊದಿಕೆ

ಒಂದು ಮೊಳ ಹೆಣೆದಿದ್ದ ಹೊದಿಕೆನ ನನ್ನ ಮಗಳು ನನ್ನ ಕಣ್ಮುಂದೇನೇ ಸರ್ರಂತ ಎಳೆದು ಬಿಚ್ಚಿಬಿಟ್ಲು. "ಅಯ್ಯೋ, ಏನಮ್ಮಾ ಮಾಡ್ದೆ!" ಅಂತ ಕೂಗಿಬಿಟ್ಟೆ.

ಹೆರಿಗೆಗೆ ಅಂತ ದೊಡ್ಡಬಳ್ಳಾಪುರಕ್ಕೆ ಬಂದಿರೋ ಅವಳೇ ನಂಗೆ ಟ್ಯುನೀಷಿಯನ್ ಕ್ರೋಶಾ ಅನ್ನೋ ಹೆಣಿಗೆ ಕಲಿಸಿದ್ದು. ಉದ್ದನೇ ಕೊಕ್ಕೆ ಕಡ್ಡಿ, ಉಲ್ಲನ್ ದಾರ, ಅಷ್ಟೇ. ಹುಟ್ಟೋ ಮಗೂಗೆ ನನ್ ಕೈಯಾರೆ ಹೊದಿಕೆ ಮಾಡ್ಬೇಕು ಅಂತ ಆಸೆ. ಆದ್ರೆ ಅಂಚೆಲ್ಲ ಸುತ್ಕೊಳ್ತಿತ್ತು. "ಏನ್ರೀ, ಮಗೂಗೆ ಹೊದಿಸೋಕಾ, ಚಾಪೆ ಥರ ಸುತ್ತಿಡೋಕಾ?" ಅಂತ ನನ್ನ ಹೆಂಡ್ತಿ ನಗ್ತಿದ್ಲು. ಮೊದಲ್ನೇ ಸಾಲಿಂದ್ಲೇ ಉಲ್ಟಾ ಹೆಣಿಗೆ ಹಾಕಿದ್ರೆ ಸುತ್ಕೊಳಲ್ಲ ಅಂತ ಮಗಳು ಎಷ್ಟು ಹೇಳಿದ್ರೂ ನಾನು ಒಪ್ಪಿರ್ಲಿಲ್ಲ. ನಾನು ಪವರ್‌ಲೂಮಲ್ಲಿ ಸೀರೆ ನೇಯೋನು. ನೇಯ್ದ ಮೇಲೆ ತಪ್ಪು ಕಂಡ್ರೆ ಆ ಸೀರೆ ಡ್ಯಾಮೇಜೇ. ಗೊತ್ತಿಲ್ದಿರೋದು ಹಾಕೋಕೆ ಹೋಗಿ ಇದೂ ಕೆಟ್ರೆ ಅಂತ ಭಯ.

ಬಿಚ್ಚಿದ ದಾರಾನೆಲ್ಲ ಅವಳು ನನ್ನ ತೊಡೆ ಮೇಲೆ ಹಾಕಿ, "ನೋಡಪ್ಪಾ, ದಾರ ಎಲ್ಲೂ ಹೋಗಿಲ್ಲ. ಇದು ಮಗ್ಗ ಅಲ್ಲ. ತಪ್ಪಾದ್ರೆ ಎಳ್ದು ಮತ್ತೆ ಹಾಕು" ಅಂದ್ಲು.

ಅವಳು ಹೇಳ್ದಂಗೆ ಮೊದಲ್ನೇ ಸಾಲಿಂದ್ಲೇ ಉಲ್ಟಾ ಹಾಕಿ ಮತ್ತೆ ಹೆಣೆದೆ. ಈಗ ಹೊದಿಕೆ ಹಾಸಿದ್ರೆ ಚಪ್ಪಟೆಯಾಗಿ ಕೂರುತ್ತೆ. ಮಗೂನ ಟೋಪಿಗೆ ಜೇನುಗೂಡಿನ ಥರದ್ದೊಂದು ಹೆಣಿಗೆ ಶುರು ಮಾಡಿದೀನಿ. ಇವತ್ತು ಬೆಳಗ್ಗೆ ತಪ್ಪಾಯ್ತು. ನಾನೇ ಎಳ್ದೆ.