ಉಸಿರು ಹಿಡಿಯುವ ಹಾಲಸ್ವಾಮಿ

ಸಂಡೂರು ರಸ್ತೆಯಲ್ಲಿ ಮಿರ್ಚಿ ಅಂಗಡಿ ಇಟ್ಟಿರುವ ಹಾಲಸ್ವಾಮಿಗೆ ಉಸಿರು ಹಿಡಿಯುವುದೇ ಈಗ ಪೂಜೆ. ಹಗಲಿಡೀ ಸಾಲುಗಟ್ಟಿ ಹೋಗುವ ಅದಿರಿನ ಲಾರಿಗಳ ಕೆಂಪು ಧೂಳಿಗೆ ಹೊಸಪೇಟೆಯವರೆಲ್ಲ ಉಸಿರು ಹಿಡಿಯುತ್ತಾರೆ. ಇವನು ಲಾರಿ ಇಲ್ಲದಾಗಲೂ ಹಿಡಿಯುತ್ತಾನೆ, ಹಿಟ್ಟು ಕಲೆಸುತ್ತ, ಮಂಡಕ್ಕಿ ಕಟ್ಟುತ್ತ, ಕಣ್ಣು ಮೇಲೆ ಸಿಕ್ಕಿಕೊಳ್ಳುವವರೆಗೂ. ಗಿರಾಕಿ ಗಾಬರಿಯಾಗಿ "ಏನಾತ್ರಿ?" ಎಂದರೆ ಸಾಕು, ಲುಂಗಿ ಎತ್ತಿ ಎಡಪಾದ ತೋರಿಸಿ ಪುರಾಣ ಶುರು. ಸಕ್ಕರೆ ಕಾಯಿಲೆಯ ಹುಣ್ಣಿಗೆ ಆ ಪಾದ ಕತ್ತರಿಸುವುದೆಂದೇ ಆಗಿತ್ತು. ಬೆಂಗಳೂರಿನ ಡಾಕ್ಟರಮ್ಮ ಹೊಸ ಪ್ರಯೋಗವೊಂದರಲ್ಲಿ ಅವನ ಸೊಂಟದ ಮೂಳೆಯಿಂದ ಕಾಂಡಕೋಶ, ಅಂದರೆ ಹೊಸ ಮಾಂಸ ಕಟ್ಟಿಸಬಲ್ಲ ಸ್ಟೆಮ್ ಸೆಲ್ಲು, ತೆಗೆದು, ಬೇಕೆಂದೇ ಆಮ್ಲಜನಕ ಕಡಿಮೆ ಇಟ್ಟ ಪೆಟ್ಟಿಗೆಯಲ್ಲಿ ಬೆಳೆಸಿ, ಹುಣ್ಣಿಗೆ ಬಿಟ್ಟರು; ಪಾದ ಉಳಿಯಿತು. ಮುಂದಿನದು ಹಾಲಸ್ವಾಮಿಯದೇ ಮಾತು: "ಹುಣ್ಣಿನ್ಯಾಗ ರಕ್ತಿಲ್ಲ, ಗಾಳಿಲ್ಲ. ಸುಖದಾಗ ಬೆಳೆದ ಸೆಲ್ಲು ಅಲ್ಲಿ ಸಾಯ್ತಾವ. ಇವು ಬರಗಾಲ ಕಂಡು ಬಂದಾವ, ತಡಕೊಂಡು ಮಾಂಸ ಕಟ್ಟಿಸ್ಯಾವ! ಅವು ಅರೆ ಉಸಿರಿನ್ಯಾಗ ದುಡೀವಾಗ ನಾ ಒಬ್ಬವ ಎದಿ ತುಂಬ ಎಳಕೊಂತ ಕುಂತ್ರ ಚಲೋ ಕಾಣತೈತೇನ್ರಿ?" ಡಾಕ್ಟರಮ್ಮನೇ ಫೋನಿನಲ್ಲಿ, "ಅಯ್ಯೋ, ನೀವು ಚೆನ್ನಾಗಿ ಉಸಿರಾಡಿ" ಎಂದು ಗದರಿದರೂ ಕೇಳಲಿಲ್ಲ. "ಉಸಿರು ಬಿಡ್ರಿ, ಮಿರ್ಚಿ ಸೀದು ಹೊಂಟಾವ!" ಎಂದು ಬೈಯುವುದು ಹೆಂಡತಿ ತ್ರಿವೇಣಿಯ ನಿತ್ಯದ ಕೆಲಸ. ಆದರೆ ಮುಂಜಾನೆ ಬಾಗಿಲು ಗುಡಿಸುವಾಗ, ಇನ್ನು ಇಲ್ಲಿರುವುದು ಒಂಟಿ ಚಪ್ಪಲಿಯೇ ಎಂದು ತಾನು ಅತ್ತಿದ್ದ ಜಾಗದಲ್ಲಿ ಗಂಡನ ಎರಡೂ ಚಪ್ಪಲಿ ಕಂಡು, ಎಡಗಾಲಿನದರ ಕೆಂಪು ಧೂಳನ್ನು ಸೆರಗಿನಿಂದ ಒರೆಸುತ್ತ, ಅವಳೂ ಒಂದು ಗಳಿಗೆ ಉಸಿರು ಹಿಡಿಯುತ್ತಾಳೆ.