ಹಿಂದಿನ ಸೀಟಿನ ಮಿಸ್ತ್ರಿ

ಜಮಖಂಡಿಯಲ್ಲಿ ಯಾರು ಹಳೇ ಕಾರು ಕೊಳ್ಳುವುದಾದರೂ ಮೊದಲು ಗ್ಯಾರೇಜಿನ ಒಬ್ಬ ಹಿರಿಯ ಮಿಸ್ತ್ರಿಯನ್ನು ಕರೆದೊಯ್ಯುತ್ತಿದ್ದರು. ಅವರು ಬಾನೆಟ್ ಎತ್ತುವ ಮೊದಲು ಹಿಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, "ನಡೀಲಿ, ನೋಡೂಣು" ಎನ್ನುತ್ತಿದ್ದರು.

ನಾನು ಒಂದು ಸೆಡಾನ್ ಕಾರು ನೋಡಲು ಹೋದಾಗ, ಹಿಂದಿನ ಸೀಟಿನಲ್ಲಿ ಮಿಸ್ತ್ರಿಯ ಜೊತೆ ಅವ್ವನೂ ಇದ್ದಳು. ಲೋಕಾಪುರದ ರಸ್ತೆಯಲ್ಲಿ ಓಡಿಸುತ್ತಾ ಅದರ ಪಿಕಪ್ಪಿಗೆ ಮರುಳಾಗಿ, ಹಾಡಿನ ಸದ್ದು ಏರಿಸಿ, "ಹೆಂಗೈತ್ರಿ?" ಎಂದೆ.

"ಎಂಜಿನ್ ಛಲೋ ಐತಿ, ಸ್ಪೀಕರ್ ಇನ್ನೂ ಛಲೋ. ಈಗ ಹಾಡು ಬಂದ್ ಮಾಡ್ರಿ" ಎಂದವರು ಅವ್ವನತ್ತ ತಿರುಗಿದರು. "ನಿಮಗ ಹೆಂಗ ಅನಸ್ತೈತ್ರಿ, ಅವ್ವಾರ?"

"ಸೀಟು ಭಾಳ ತಗ್ಗ ಐತ್ರಿ. ಇಳಿಯಾಕ ಮೊಣಕಾಲು ನೋಯ್ತಾವ. ಮಗಾ ಖುಷಿಯಾಗ್ಯಾನಂತ ಸುಮ್ನಿದ್ನಿ."

ನಾನು ಅವಳನ್ನು ಕೇಳಿಯೇ ಇರಲಿಲ್ಲ. ಆ ಕಾರು ಬಿಟ್ಟೆವು. ಮರುವಾರ ಮುಧೋಳದಲ್ಲಿ ಇನ್ನೊಂದು ನೋಡುವಾಗ, ಮಾರುವವನನ್ನು ನನಗಿಂತ ಹೆಚ್ಚು ಪ್ರಶ್ನೆ ಕೇಳಿ ಸುಸ್ತು ಮಾಡಿದವಳು ಅವ್ವ.