ಗಂಗಕ್ಕನ ಕಥೆಗಳು

ನಿನ್ನೆ ಆಫೀಸಿಗೆ ಹೊರಟಾಗ ಫೋನಿನಲ್ಲೊಂದು ಸೂಚನೆ ಬಂತು. ಕ್ಲೌಡಿನಲ್ಲಿ ನನ್ನ ಪಾಲಿನ ಜಾಗ ಮುಗಿಯಿತಂತೆ, ಇನ್ನಷ್ಟು ಬೇಕಾದರೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕಂತೆ. ನಿಮಗೂ ಬಂದಿರಬಹುದು. ಇದನ್ನು ಕಂಡಾಗಲೆಲ್ಲ ನನಗೆ ಮುಲುಂಡಿನ ಗಂಗಕ್ಕ ನೆನಪಾಗುತ್ತಾಳೆ.

ಗಂಗಕ್ಕ ನನ್ನ ದೊಡ್ಡಪ್ಪನ ಮಗಳು. ವಿಜಯಪುರದಿಂದ ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಅವಳ ಮಾತಿಗೆ ಮುಂಬಯಿಯ ಗಾಳಿ ತಾಗಿಲ್ಲ. ಎರಡು ವರ್ಷದ ಹಿಂದೆ ಅವಳ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ ಆದಮೇಲೆ ದನಿ ಮೊದಲಿನಂತೆ ಬರುವ ಭರವಸೆಯಿಲ್ಲ ಎಂದರು ಪರೇಲಿನ ಡಾಕ್ಟರು. ಅಕ್ಕ ಅಳಲಿಲ್ಲ. ಮನೆಗೆ ಬಂದವಳೇ ಮೊಮ್ಮಗಳು ಸಾನ್ವಿಗಾಗಿ ತನಗೆ ಗೊತ್ತಿದ್ದ ಕಥೆಗಳನ್ನೆಲ್ಲ ಫೋನಿನಲ್ಲಿ ಹೇಳಿ ರೆಕಾರ್ಡ್ ಮಾಡಿಡತೊಡಗಿದಳು. ಕಥೆಯ ನಡುವೆ ಕುಕ್ಕರಿನ ಸೀಟಿಯೂ ಕೇಳಿಸುತ್ತಿತ್ತು. ಸಾನ್ವಿಗೆ ಕನ್ನಡ ತಿಳಿಯುತ್ತದೆ. ನಾಲಿಗೆ ಮಾತ್ರ ಹಿಂದಿಯ ಕಡೆಗೇ ಜಾರುತ್ತದೆ.

ಅಕ್ಕನ ಫೋನಿಗೂ ಅದೇ ಸೂಚನೆ ಬಂತು. ನನ್ನನ್ನು ಕರೆಸಿ ಕೇಳಿದಳು: "ನಮ್ಮ ಕತಿ ನಮ್ಮ ಮನ್ಯಾಗ ಇಡಾಕ ಮಂದಿಗ್ಯಾಕ ಬಾಡಗಿ ಕೊಡೂದು, ತಮ್ಮಾ?"

ಮುಂಬಯಿಯ ಫೋರ್ಟಿನ ಆಫೀಸಿನಲ್ಲಿ ಕೂರುವವನಿಗೆ ಕಂಪ್ಯೂಟರಿನ ಒಳಹೊರಗೆಲ್ಲ ಗೊತ್ತಿರುತ್ತದೆಂದು ನಮ್ಮವರ ನಂಬಿಕೆ. ನನಗೆ ಗೊತ್ತಿದ್ದ ವಿದ್ಯೆಯೆಂದರೆ ಅದನ್ನು ಆರಿಸಿ ಮತ್ತೆ ಹಚ್ಚುವುದು. ಆದರೂ ಅವರಿವರನ್ನು ಕೇಳಿ ಒಂದು ಉಚಿತ ಆ್ಯಪ್ ಹಾಕಿ, ಅಕ್ಕನ ಫೋನನ್ನೂ ಸಾನ್ವಿಯ ಟ್ಯಾಬನ್ನೂ ಮನೆಯ ವೈಫೈಯಲ್ಲೇ ಜೋಡಿಸಿದೆ. ಅಕ್ಕ ಅಡುಗೆಮನೆಯಲ್ಲಿ ಹೇಳಿದ ಕಥೆ ಸ್ವಲ್ಪ ಹೊತ್ತಿಗೆ ಮೊಮ್ಮಗಳ ಟ್ಯಾಬಿನಲ್ಲಿ ತಾನಾಗಿ ಬಂದು ಕೂರುತ್ತಿತ್ತು.

ಆಪರೇಷನ್ ಆಯಿತು. ಮಾತಾಡಲೇಬಾರದೆಂದು ಹೇಳಿ ಅಕ್ಕನನ್ನು ಮನೆಗೆ ಕಳಿಸಿದರು. ಒಂದು ಸಂಜೆ ಸಾನ್ವಿಯ ಫೋನು ಬಂತು.

"ಮಾಮಾ, ಟ್ಯಾಬ್ ಫುಲ್ ಆಗಿತ್ತು. ಕಪ್ಪೆಯ ಕಥೆ ಡಿಲೀಟ್ ಮಾಡ್ದೆ. ಅಜ್ಜಿ ಫೋನ್‌ನಲ್ಲಿ ಇರುತ್ತೆ ಅಂತ ಸೋಚಾ. ಅಲ್ಲೂ ಇಲ್ಲ."

ಹೀಗೆ ಜೋಡಿಸಿದ ಮೇಲೆ ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆಂದು ನನಗೂ ಆಗಲೇ ತಿಳಿದದ್ದು. ಕೂಡಲೇ ಹೋಗಿ ಎರಡನ್ನೂ ತಡಕಾಡಿದೆ. ಕಥೆ ಸಿಗಲಿಲ್ಲ. ಅದನ್ನು ಮತ್ತೆ ಹೇಳಲು ಅಕ್ಕನಿಗೆ ದನಿಯಿರಲಿಲ್ಲ. ಅವಳ ಮಡಿಲಲ್ಲಿ ಮುಖವಿಟ್ಟ ಮಗು ತಲೆಯೆತ್ತಲೇ ಇಲ್ಲ. ಅಕ್ಕ ಫೋನಿನಲ್ಲಿ ಬರೆದು ನನಗೆ ತೋರಿಸಿದಳು: "ಆಕಿನ್ನ ಬೈಬ್ಯಾಡ."

ಆ ದಿನ ನಾನು ಅಲ್ಲೇ ಉಳಿದೆ. ಬೆಳಿಗ್ಗೆ ಚಹಾ ಕುಡಿಯುವಾಗ ಅಕ್ಕ ತನ್ನ ಫೋನನ್ನು ನನ್ನತ್ತ ಚಾಚಿದಳು. ಟ್ಯಾಬಿನಿಂದ ಹೊಸ ಫೈಲೊಂದು ಬಂದಿತ್ತು. ಒತ್ತಿದರೆ ಸಾನ್ವಿಯ ದನಿ.

"ಏಕ್ ಕಪ್ಪೆ ಇತ್ತು. ಅದಕ್ಕೆ ಶಾದಿಗೆ ಹೋಗೋದಿತ್ತು. ಲೇಕಿನ್ ಸೀರೆ ಇರ್ಲಿಲ್ಲ. ಅದು ಬಸ್‌ನಲ್ಲಿ ಅಕ್ಕನ ಮನೆಗೆ ಹೋಯ್ತು..."

ಎಡವುತ್ತ, ನಿಲ್ಲುತ್ತ, ಇಡೀ ಕಥೆಯನ್ನು ಹುಡುಗಿ ಹೇಳಿ ಮುಗಿಸಿದ್ದಳು. ಅಕ್ಕ ಕುತ್ತಿಗೆಯ ಪಟ್ಟಿಯನ್ನು ಕೈಯಿಂದ ಹಿಡಿದುಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸಾನ್ವಿಯನ್ನು ಕರೆದು ಬರೆದಳು: "ಕಪ್ಪಿ ಬಸ್ಸಿನ್ಯಾಗ ಹೋಗಲಿಲ್ಲ, ಬಂಡ್ಯಾಗ ಹೋತು."

"ಬಂಡಿ ಮತ್ಲಬ್, ಅಜ್ಜಿ?"

ಅಕ್ಕ ಎತ್ತು, ಗಾಲಿ, ಎಲ್ಲ ಬರೆದು ತೋರಿಸಿದಳು.

ಅಕ್ಕನ ಕಾಯಿಲೆ ವಾಸಿಯಾಯಿತು. ದನಿ ಮಾತ್ರ ಉಸಿರಿನಷ್ಟೇ ಉಳಿಯಿತು. ಈಗ ಕಥೆ ಹೇಳುವವಳು ಸಾನ್ವಿ. ನನ್ನ ಫೋನನ್ನೂ ಅವಳೇ ಜೋಡಿಸಿಕೊಟ್ಟಿದ್ದಾಳೆ, ಅವರ ಮನೆಗೆ ಹೋದಾಗಲೆಲ್ಲ ಹೊಸ ಕಥೆ ಅದಕ್ಕೂ ಬಂದು ಕೂರುತ್ತದೆ. ನಿನ್ನೆ ಲೋಕಲ್ ಟ್ರೇನಿನಲ್ಲಿ ಅವಳ ಹೊಸ ಕಥೆ ಕೇಳುತ್ತ ಕೂತಿದ್ದೆ. ಒಂದೊಂದು ಮಾತು ಮುಗಿದಾಗಲೂ ಅವಳ ದನಿಯ ಹಿಂದಿನಿಂದ, ಗಾಳಿ ಸುಳಿದಷ್ಟು ಮೆಲ್ಲಗೆ, ಅಕ್ಕ "ಹೂಂ" ಎನ್ನುತ್ತಿದ್ದಳು. ನನಗರಿವಿಲ್ಲದೆ ನಾನೂ "ಹೂಂ" ಎಂದೆನೆಂದು ಕಾಣುತ್ತದೆ, ಎದುರು ಕೂತವರು ತಲೆಯೆತ್ತಿ ನೋಡಿದರು.